ಎತ್ತಿನ ಗಾಡಿ ಏರಿದ ಮೋಟಾರು

ಎಂಜಿನ್ ಚಾಲೂ ಮಾಡದೆ, ಚಕ್ರವನ್ನು ನೆಲಕ್ಕೆ ತಾಗಿಸದೆ, ಹಳೇಬೀಡಿನಿಂದ ಅರಸೀಕೆರೆಯವರೆಗೆ ಮೋಟಾರು ಓಡಿಸಿದ ಮನುಷ್ಯ ಇಡೀ ಮೈಸೂರು ಸೀಮೆಯಲ್ಲಿ ಒಬ್ಬರೇ. ಅವರು ನಮ್ಮ ಸೋದರಮಾವ! ನಗಬೇಡಿ. ನಾನು ಕಣ್ಣಾರೆ ಕಂಡವನು, ಜೊತೆಗೆ ನಡೆದು ಕಾಲಲ್ಲಿ ಬೊಬ್ಬೆ ಬರಿಸಿಕೊಂಡವನು.

ಅರೇಹಳ್ಳಿಯ ಕಾಫಿ ತೋಟದ ದೊರೆ ತನ್ನ ದೇಶಕ್ಕೆ ಹೊರಡುವಾಗ ಮಾರಿಹೋದ ಪುಟ್ಟ ಕಾರು ಅದು. ಬೇಲೂರಿನ ಮಾವನ ಮನೆಗೆ ಬಂದ ದಿನದಿಂದ ಅದು ಎತ್ತಾಯಿತು. ಮಾವ ಬೆಳಿಗ್ಗೆ ಎದ್ದು ಅದರ ಮೂತಿ ಸವರುವರು. ಬ್ರೇಕು ಒತ್ತುವಾಗ "ಹೋ, ಹೋ" ಎನ್ನುವರು. ಸಂಕ್ರಾಂತಿಯ ಸಂಜೆ ದನಗಳ ಜೊತೆ ಅದನ್ನೂ ಕಿಚ್ಚು ಹಾಯಿಸಲು ಹೊರಟಿದ್ದರು! ಹೊಟ್ಟೆ ತುಂಬ ಪೆಟ್ರೋಲು ಕುಡಿದ ಬಸವಣ್ಣ ಬೆಂಕಿ ಹಾರಿದರೆ ಏನಾದೀತು, ನೀವೇ ಹೇಳಿ! ಅತ್ತೆ ಬಾಗಿಲಿಗೆ ಅಡ್ಡ ನಿಂತಿದ್ದರಿಂದ ಬೀದಿ ಉಳಿಯಿತು. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲವಲ್ಲ, ಹಾಗಾಗಿ ಕಾರಿಗೂ ಸೋಮವಾರ ರಜೆ.

ಅಂಥದ್ದೊಂದು ಸೋಮವಾರವೇ ಅರಸೀಕೆರೆಯಿಂದ, ಅತ್ತೆಯ ತವರಿನಿಂದ, ಹೇಳಿಕಳಿಸಿದರು. ಅತ್ತೆಯ ತಂದೆಗೆ ಕಣ್ಣು ಪೂರ್ತಿ ಹೋಗಿತ್ತು. ಈಗ ಊಟವೂ ಸೇರುತ್ತಿಲ್ಲ, ಜಗಲಿಯ ಮೇಲೆ ಕೂತು "ಮಗಳು ಮೋಟಾರಿನಲ್ಲಿ ಬರ್ತಾಳೆ" ಎನ್ನುತ್ತಿದ್ದಾರಂತೆ. ಮಾವ ಮದುವೆಯಾದಾಗ ಕೈಯಲ್ಲಿ ಕೆಲಸವಿರಲಿಲ್ಲ. ಇಂಥವನಿಗೆ ಹೆಣ್ಣು ಕೊಡುತ್ತೀರಾ ಎಂದು ಅತ್ತೆಯ ತವರಿನ ಬೀದಿಯೆಲ್ಲ ಆಡಿಕೊಂಡಿತ್ತು. ಆ ಹಿರಿಯರೊಬ್ಬರೇ ನಂಬಿ ಕೊಟ್ಟಿದ್ದರು. "ಒಂದು ದಿನ ನಿಮ್ಮ ಮಗಳನ್ನ ಮೋಟಾರಿನಲ್ಲೇ ಈ ಬಾಗಿಲಿಗೆ ಕರ್ಕೊಂಡು ಬರ್ತೀನಿ" ಎಂದು ಮಾವ ಹಸೆಯ ಮೇಲೆ ಕೂತೇ ಮಾತು ಕೊಟ್ಟುಬಿಟ್ಟಿದ್ದರು.

"ಹೊರಡು ಕಣೇ. ಇವತ್ತೊಂದು ದಿನ ಬಸವಣ್ಣ ಕ್ಷಮಿಸ್ತಾನೆ" ಎಂದರು ಮಾವ. ನಾನೂ ಜೊತೆಗೆ ಹತ್ತಿಕೊಂಡೆ.

ಬಸವಣ್ಣ ಕ್ಷಮಿಸಲಿಲ್ಲ. ಹಳೇಬೀಡಿನ ಕೆರೆ ಏರಿಯ ಮೇಲೆ ಕಾರು ಒಮ್ಮೆ ಕೆಮ್ಮಿ ನಿಂತೇಬಿಟ್ಟಿತು. "ಸೋಮವಾರ ಹೂಡಬಾರದು ಅಂತ ನಾನು ಬಡ್ಕೊಳ್ಳೋದು ಇದಕ್ಕೇ!" ಎಂದು ಮಾವ ನಮ್ಮನ್ನೇ ಗದರಿದರು. ರಿಪೇರಿ ಆಗಬೇಕಾದರೆ ಅರಸೀಕೆರೆಯೇ ಗತಿ. ಎತ್ತಿನ ಗಾಡಿಗಾಗಿ ಮಾದಿಹಳ್ಳಿಯ ಗೌಡರೊಬ್ಬರನ್ನು ಹಿಡಿದರೆ ಅವರು ಕೈ ಮುಗಿದರು. "ಇವತ್ತು ನೊಗ ಇಡಂಗಿಲ್ಲ ಸ್ವಾಮಿ. ನಾಳೆ ಬತ್ತೀನಿ." ಮಾವ ಏನೆಂದು ವಾದ ಮಾಡಿಯಾರು? ಕಾರಿಗೇ ರಜೆ ಕೊಟ್ಟ ಮನುಷ್ಯ!

ರಾತ್ರಿ ಹಳೇಬೀಡಿನಲ್ಲೇ ಕಳೆದೆವು. ಮರುದಿನ ಗೌಡರು ದಿಮ್ಮಿ ಸಾಗಿಸುವ ಗಾಡಿ, ಎರಡು ಜೊತೆ ಎತ್ತು, ಒಂದು ಹೊರೆ ಹಗ್ಗ ತಂದರು. ಏರಿಯ ಮೇಲೆ ಪಂಚಾಯಿತಿ ಶುರುವಾಯಿತು.

"ಹಗ್ಗ ಬಿಗಿದು ಎಳೆದ್ರೆ ಸಲೀಸು. ಚಕ್ರ ಐತೆ, ಉರುಳ್ತದೆ" ಎಂದರು ಗೌಡರು.

"ಇಳಿಜಾರಿನಲ್ಲಿ ಕಾರು ಹೋಗಿ ಎತ್ತಿನ ಕಾಲಿಗೆ ಗುದ್ದಿದರೆ?" ಎಂದರು ಮಾವ.

"ಬ್ರೇಕು ಇಲ್ವಾ?"

"ಅದೊಂದು ಇದ್ದಿದ್ರೆ ನಾನ್ಯಾಕೆ ದಾರಿಯುದ್ದಕ್ಕೂ ದೇವರ ಹೆಸರು ಹೇಳ್ತಿದ್ದೆ!" ಎಂದು ಅತ್ತೆ ಕಾರಿನೊಳಗಿನಿಂದಲೇ ತೀರ್ಪು ಕೊಟ್ಟರು.

ಮಾವ ನನ್ನ ಕಡೆ ತಿರುಗಿದರು. "ನನ್ನ ಆಡ್ಕೊಂಡ ಆ ಬೀದಿಯೊಳಗೆ ಕಳ್ಳನನ್ನ ಹಗ್ಗ ಹಾಕಿ ಎಳ್ಕೊಂಡು ಹೋದ ಹಾಗೆ ಹೋಗ್ಲೇನೋ?"

"ಗಾಡಿ ಮೇಲೆ ಹೋದರೆ ನಗೋದಿಲ್ವೇ ಮಾವ?"

"ಹೊತ್ಕೊಂಡು ಹೋದರೆ ಅದು ಮೆರವಣಿಗೆ ಕಣೋ!"

ಏರಿಯ ಕೆಳಗೆ ಗಾಡಿ ನಿಲ್ಲಿಸಿ, ಹಲಗೆ ಹಾಸಿ, ಊರವರೆಲ್ಲ ಸೇರಿ ಕಾರನ್ನು ಮೆಲ್ಲಗೆ ಗಾಡಿಯ ಮೇಲೆ ಇಳಿಸಿದರು. ಮಾವ ಸ್ಟಿಯರಿಂಗ್ ಚಕ್ರ ಹಿಡಿದು ಮುಂದಿನ ಸೀಟಿನಲ್ಲಿ ಕೂತರು, ಅತ್ತೆ ಹಿಂದೆ. ರಸ್ತೆ ತಿರುಗಿದಲ್ಲೆಲ್ಲ ಮಾವ ಸ್ಟಿಯರಿಂಗ್ ತಿರುಗಿಸುವರು, ಕೋಳಿ ಅಡ್ಡ ಬಂದರೆ ಹಾರನ್ ಒತ್ತುವರು! ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕೂ ನಕ್ಕೂ ಸುಸ್ತಾದರು. ಜಾವಗಲ್ಲಿನಲ್ಲಿ ಜನ ಮುತ್ತಿಕೊಂಡರು.

"ಏನ್ಲಾ, ಮೋಟಾರಿಗೆ ಏನಾಗೈತೆ?"

"ಸೋಮವಾರ ದುಡಿದೈತೆ ಕಣ್ಲಾ, ಮೈನೋವು!" ಎಂದರು ಗೌಡರು.

ಅಲ್ಲೇ ತಂಗಿ, ಮರುದಿನ ಅರಸೀಕೆರೆ ಸೇರಿದೆವು. ತವರಿನ ಬೀದಿಯ ತಿರುವಿನಲ್ಲಿ ಮಾವ ಗಾಡಿ ನಿಲ್ಲಿಸಿ ಕೆಳಗಿಳಿದರು. ಎತ್ತುಗಳ ಕೊರಳಿನ ಗೆಜ್ಜೆಯನ್ನು ಒಂದೊಂದಾಗಿ ತಾವೇ ಬಿಚ್ಚತೊಡಗಿದರು.

"ಗೆಜ್ಜೆ ಇಲ್ದೆ ನನ್ನ ಎತ್ತು ಊರೊಳಗೆ ಹೋಗಿದ್ದೇ ಇಲ್ಲ ಸ್ವಾಮಿ!"

"ಇದೊಂದು ಬೀದಿ ಗೌಡ್ರೇ. ಅವರಿಗೆ ಕಣ್ಣು ಕಾಣೋಲ್ಲ, ಕಿವಿ ಕೇಳತ್ತೆ" ಎಂದರು ಮಾವ. ಅವರ ದನಿ ಅಷ್ಟು ಸಣ್ಣದಾದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಮತ್ತೆ ಹತ್ತಿ ಕೂತು ಹಾರನ್ ಒತ್ತಿದರು. ಪೊಂ ಪೊಂ! ಜಗಲಿಯ ಮೇಲಿದ್ದ ಹಿರಿಯರು ಕಂಬ ಹಿಡಿದು ಎದ್ದು ನಿಂತರು. "ಬಂದ್ರು! ನನ್ನ ಅಳಿಯಂದಿರು ಮಗಳನ್ನ ಮೋಟಾರಿನಲ್ಲೇ ಕರ್ಕೊಂಡು ಬಂದ್ರು! ಕೇಳಿಸ್ತೇನ್ರೋ?" ನಗಲು ಬಾಯಿ ತೆರೆದಿದ್ದ ಬೀದಿಯವರು ಮಾವನ ಮುಖ ನೋಡಿ ನಗು ನುಂಗಿದರು. "ಹೌದು ಯಜಮಾನ್ರೇ, ಮೋಟಾರೇ" ಎಂದರು ಎದುರು ಮನೆಯವರು.

ಹಿರಿಯರು ಮಗಳ ತಲೆ ಸವರಿದರು. ಕಾಲಿಗೆ ಬಿದ್ದ ಮಾವನನ್ನು ಎಬ್ಬಿಸಿ ಎರಡೂ ಕೈ ಹಿಡಿದುಕೊಂಡರು. ಪಕ್ಕದಲ್ಲಿದ್ದ ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದರು: "ಮಾತು ಉಳಿಸ್ಕೊಂಡ್ರಿ. ಮೊದಲು ಎತ್ತುಗಳಿಗೆ ನೀರು ತೋರಿಸಿ ಅಳಿಯಂದಿರೇ. ಪಾಪ, ಹೊತ್ತು ಹೊತ್ತು ದಣಿದಿರ್ತವೆ."

ನಮ್ಮ ಮಾವ ನೇರ ಬಾವಿಯ ಕಡೆ ನಡೆದರು. ನೀರು ಸೇದುತ್ತಲೇ ಅಳುತ್ತಿದ್ದರು. ನಾನೂ ಹೋಗಿ ಹಗ್ಗಕ್ಕೆ ಕೈ ಹಾಕಿದೆ.