‘ನೀ’ ಅಂದರೆ ಎಂದಿಗೂ ಇಲ್ಲ

ಹಂಪಿಯಲ್ಲಿ ಹದಿನೆಂಟು ವರ್ಷದಿಂದ ಗೈಡ್ ಕೆಲಸ ಮಾಡುತ್ತಿದ್ದೇನೆ. ಕಲ್ಲಿನ ವಿಷಯದಲ್ಲಿ ನಾನು ಎಡವಿದ್ದು ಕಡಿಮೆ, ಮಾತಿನಲ್ಲಿ ಎಡವಿದ್ದೇ ಹೆಚ್ಚು. ಅದರಲ್ಲೂ ಜರ್ಮನ್ ಕಲಿಯಲು ಹೊರಟ ಮೇಲೆ ವಾರಕ್ಕೊಂದು ಫಜೀತಿ ಗ್ಯಾರಂಟಿ ಆಯಿತು.

ಕಲಿಸಿದವರು ಸಂಡೂರಿನ ಒಬ್ಬ ನಿವೃತ್ತ ಎಂಜಿನಿಯರ್. ಗಣಿಯಲ್ಲಿದ್ದಾಗ ಯಂತ್ರದ ತರಬೇತಿಗೆಂದು ಜರ್ಮನಿಯಲ್ಲಿ ಎರಡು ವರ್ಷ ಇದ್ದು ಬಂದವರು. ಮೊದಲ ಭಾನುವಾರವೇ ಹೇಳಿದರು: “ನಾಮಪದದ ತಂಟೆಗೆ ಹೋಗಬ್ಯಾಡ್ರಿ. ಆ ಭಾಷಾದಾಗ ಮೇಜು ಗಂಡು, ಗಡಿಯಾರ ಹೆಣ್ಣು, ಹುಡುಗಿ ನಪುಂಸಕ. ನೀವು ಕ್ರಿಯಾವಿಶೇಷಣ ಹಿಡೀರಿ. ಈಗ, ಆಮೇಲೆ, ಯಾವಾಗಲೂ, ಬೇಗ, ನಿಧಾನ. ಅದಕ್ಕ ಲಿಂಗ ಇಲ್ಲ, ವಚನ ಇಲ್ಲ. ಭಾಳ ಸಾಧು ಪ್ರಾಣಿ.”

ಆ ಸಾಧು ಪ್ರಾಣಿಗಳು ನನಗೆ ಮಾಡಿದ್ದು ಹೀಗೆ.

ಬಸ್ಸಿನಲ್ಲಿ

ಜರ್ಮನ್‌ನಲ್ಲಿ ‘ಇಮ್ಮರ್’ ಅಂದರೆ ಯಾವಾಗಲೂ. ‘ಓಫ್ಟ್’ ಅಂದರೆ ಆಗಾಗ. ‘ನೀ’ ಅಂದರೆ ಎಂದಿಗೂ ಇಲ್ಲ. ಪಾಠ ಮುಗಿಸಿ ಬಸ್ ಹತ್ತಿದವನು ಕಣ್ಣು ಮುಚ್ಚಿಕೊಂಡು ಇವನ್ನೇ ಬಾಯಿಪಾಠ ಮಾಡುತ್ತಿದ್ದೆ. ಮೂರನೆಯದು ಚಿಕ್ಕದಾದ್ದರಿಂದ ನಾಲಿಗೆ ಅಲ್ಲೇ ನಿಂತುಬಿಟ್ಟಿತು. ನೀ, ನೀ, ನೀ.

ಪಕ್ಕದಲ್ಲಿ ಬಂಡ್ರಿಯ ಹಿರಿಯರೊಬ್ಬರು ಕೂತಿದ್ದರು. ಸ್ವಲ್ಪ ಹೊತ್ತು ಸಹಿಸಿಕೊಂಡರು. ಆಮೇಲೆ ನನ್ನ ತೊಡೆ ತಟ್ಟಿ, “ತಮ್ಮಾ, ನನಗ ಎಪ್ಪತ್ತು ದಾಟ್ಯಾವ. ನೀವು ಅನ್ನಲಿಲ್ಲಂತ ಬ್ಯಾಸರಿಲ್ಲ. ಆದ್ರ ಅವಾಗಿಂದ ನೀ ನೀ ಅಂತೀಯಲ್ಲ, ನಾ ಏನ್ ಮಾಡೀನಿ?” ಎಂದರು.

ನಾನು ಗಾಬರಿಯಾಗಿ ಕೈ ಮುಗಿದು, ಇದು ಜರ್ಮನ್ ಮಾತು, ‘ನೀ’ ಅಂದರೆ ಅವರಲ್ಲಿ ‘ಎಂದಿಗೂ ಇಲ್ಲ’ ಎಂದು ಅರ್ಥ ಎಂದು ಬಿಡಿಸಿ ಹೇಳಿದೆ. 

“ಹಂಗಾದ್ರ ನಮ್ಮ ತಾಲೂಕು ಆಫೀಸಿನ್ಯಾಗ ಜರ್ಮನ್ನಾ ಮಾತಾಡ್ತಾರ ಬಿಡು,” ಎಂದರು. “ಪಹಣಿ ತಿದ್ದುಪಡಿಗೆ ಹೋದಾಗೊಮ್ಮೆ ‘ನೀ ನಾಳಿ ಬಾ’ ಅಂತಾರ. ಅರ್ಥ ಈಗ ಆತು.”

ಮನೆಯಲ್ಲಿ

‘ಹೊಯ್ಟೆ’ ಅಂದರೆ ಇವತ್ತು. ಕನ್ನಡಿ ಮುಂದೆ ನಿಂತು, ತಲೆ ಬಾಚಿಕೊಳ್ಳುತ್ತ, ತುಟಿ ಸರಿಯಾಗಿ ದುಂಡಗಾಗುತ್ತದೋ ಇಲ್ಲವೋ ಎಂದು ಹೊಯ್ಟೆ, ಹೊಯ್ಟೆ ಎನ್ನುತ್ತಿದ್ದೆ. ಕಸಬರಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಹೆಂಡತಿ, “ಹೊಂಟೆ ಹೊಂಟೆ ಅಂತ ಅರ್ಧ ತಾಸಿಂದ ಅನ್ನಾಕತ್ತೀರಿ, ಕಾಲು ಮಾತ್ರ ಕೀಳವಲ್ರಿ,” ಎಂದಳು.

ನಾನು ನಕ್ಕು, ಅದು ಹೊಂಟೆ ಅಲ್ಲ, ಹೊಯ್ಟೆ, ಅಂದರೆ ಇವತ್ತು ಎಂದು ವಿವರಿಸಿದೆ.

“ಹೌದೇನ್ರಿ? ಚಲೋ ಆತು,” ಎಂದಳು. “ಹಂಗಾದ್ರ ಹೊಯ್ಟೆ ಹೊಂಡ್ರಿ, ನಾ ಕಸ ಹೊಡೀಬೇಕು.”

ದರೋಜಿ ದಾರಿಯಲ್ಲಿ

ಒಬ್ಬ ಜರ್ಮನ್ ಹೆಂಗಸನ್ನು ದರೋಜಿ ಕರಡಿಧಾಮಕ್ಕೆ ಕರಡಿ ತೋರಿಸಲು ಕರೆದುಕೊಂಡು ಹೊರಟಿದ್ದೆವು. ಕಾರಿನ ಡ್ರೈವರ್ ಕಂಪ್ಲಿಯವನು. ಜರ್ಮನ್ ಸೊನ್ನೆ, ಇಂಗ್ಲಿಷ್ ಹತ್ತಿಪ್ಪತ್ತು ಮಾತು. ಅಷ್ಟರಲ್ಲೇ ಇಡೀ ಸೀಸನ್ ದಾಟಿಸುವ ಧೈರ್ಯವಂತ.

ಕಮಲಾಪುರ ದಾಟಿ ಸ್ವಲ್ಪ ದೂರ ಹೋದ ಮೇಲೆ ಆಕೆ ಮುಂದಕ್ಕೆ ಬಾಗಿ, “ಫಾಸ್ಟ್ ದಾ?” ಎಂದು ಕೇಳಿದರು. ‘ಇನ್ನೇನು ಬಂತಾ?’ ಎಂದು ಅವರ ಪ್ರಶ್ನೆ. ಜರ್ಮನ್‌ನಲ್ಲಿ ಫಾಸ್ಟ್ ಎಂದರೆ ಹೆಚ್ಚುಕಮ್ಮಿ, ಇನ್ನೇನು ಎಂದು. ಇದು ನನಗೆ ಗೊತ್ತಾದದ್ದು ಮುಂದಿನ ಭಾನುವಾರ. ಡ್ರೈವರ್‌ಗೆ ಮಾತ್ರ ಅಲ್ಲೇ ಅರ್ಥವಾಯಿತು. “ಮೇಡಮ್ಮಾರು ಗಡಿಬಿಡ್ಯಾಗ ಅದಾರ,” ಎಂದವನೇ ಆಕ್ಸಿಲರೇಟರ್ ಒತ್ತಿದ.

ಆಕೆ ಸೀಟು ಹಿಡಿದುಕೊಂಡು, “ಲಾಂಗ್‌ಜಾಮ್, ಲಾಂಗ್‌ಜಾಮ್!” ಎಂದರು. ನಿಧಾನ, ನಿಧಾನ ಎಂದು. ಆ ಪಾಠವೂ ನನಗೆ ಆಗಿರಲಿಲ್ಲ. ನಾನು ನೋಟ್‌ಬುಕ್ ತಿರುವುತ್ತಿದ್ದೆ.

ಡ್ರೈವರ್ ರಸ್ತೆಯನ್ನು ಆ ತುದಿಯಿಂದ ಈ ತುದಿಗೆ ನೋಡಿದ. “ಜಾಮ್ ಎಲ್ಲೈತ್ರಿ ಸರ್? ಒಂದು ಎತ್ತಿನ ಗಾಡಿನೂ ಇಲ್ಲ. ಹೆದರಬ್ಯಾಡ್ರಿ ಅಂತ ಹೇಳ್ರಿ ಅವರಿಗೆ,” ಎಂದು ಇನ್ನಷ್ಟು ಒತ್ತಿದ.

ಗೇಟು ಮುಟ್ಟಿದಾಗ ಅದಿನ್ನೂ ತೆಗೆದಿರಲಿಲ್ಲ. ಆಕೆ ಕಾರಿನಿಂದಿಳಿದು ಬೇವಿನ ಮರ ಹಿಡಿದು ನಿಂತರು. ಕಾವಲುಗಾರ ಆಕೆಯ ಮುಖ ನೋಡಿ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದ: “ಕರಡಿ ದಾರ್‍ಯಾಗ ಕಂಡಿತ್ತೇನ್ರಿ?”

ಹೋಟೆಲ್ ಬಾಗಿಲಲ್ಲಿ

ಕೊನೆಗೆ, ಜರ್ಮನ್ ಬರುತ್ತದೆಂದೇ ನನ್ನನ್ನು ಮೂರು ದಿನಕ್ಕೆ ಗೊತ್ತು ಮಾಡಿಕೊಂಡ ವೃದ್ಧ ದಂಪತಿ ಸಿಕ್ಕರು. ಇದೊಂದು ಸರಿ ಹೋದರೆ ಹೊಸಪೇಟೆಯ ಆ ಹೋಟೆಲಿನಿಂದ ಮುಂದೆಯೂ ಕೆಲಸ ಬರುವುದಿತ್ತು. ಮೊದಲ ದಿನ ಮಧ್ಯಾಹ್ನಕ್ಕೆ ತಿರುಗಾಟ ಮುಗಿಸಿ ಅವರನ್ನು ಹೋಟೆಲಿಗೆ ಬಿಟ್ಟೆ. ‘ಬರ್ತೀನ್ರಿ’ ಎನ್ನುವುದನ್ನು ಜರ್ಮನ್‌ನಲ್ಲೇ ಹೇಳೋಣ ಎನಿಸಿತು. ‘ಇಷ್ ಕೊಮ್ಮೆ’ ಎಂದೆ. ತೀರಾ ಬೋಳು ಅನ್ನಿಸಿ, ಹಿಂದಿನ ವಾರ ಕಲಿತ ಕ್ರಿಯಾವಿಶೇಷಣವೊಂದನ್ನು ಸೇರಿಸಿದೆ. “ಇಷ್ ಕೊಮ್ಮೆ ಜೋಫೋರ್ಟ್.” ಈಗಿಂದೀಗಲೇ ಬರುತ್ತೇನೆ ಎಂದು. ಅವರು ಸಂತೋಷದಿಂದ ತಲೆಯಾಡಿಸಿ ವರಾಂಡದ ಬೆತ್ತದ ಕುರ್ಚಿಗಳಲ್ಲಿ ಕುಳಿತರು. ನಾನು ಮನೆಗೆ ಹೋಗಿ, ಉಂಡು ಮಲಗಿದೆ.

ಮರುದಿನ ಬೆಳಿಗ್ಗೆ ಹೋದರೆ ಮ್ಯಾನೇಜರ್ ಬಾಗಿಲಲ್ಲೇ ಹಿಡಿದ. ಇಬ್ಬರೂ ನನಗಾಗಿ ಮಧ್ಯಾಹ್ನವೆಲ್ಲ ಕಾದಿದ್ದರಂತೆ, ಊಟಕ್ಕೂ ಏಳಲಿಲ್ಲವಂತೆ. “ನಾಕು ಗಂಟೆಕ್ಕ ಏಳಾಕ ಹೊಂಟಿದ್ರು. ಪಾಪ, ಸಮಾಧಾನ ಆಗ್ಲಿ ಅಂತ ನಾನಾ ‘ಬಂದ್ರು, ಇನ್ನೇನು ಬಂದ್ರು’ ಅಂದೆ. ಮತ್ತ ಎರಡು ತಾಸು ಕುಂತ್ರು,” ಎಂದ.

ಕೆಲಸ ಹೋಯಿತು ಎಂದುಕೊಂಡೆ. ಅಷ್ಟರಲ್ಲಿ ಮುದುಕರು ಹೆಂಡತಿಯೊಂದಿಗೆ ಬಂದರು. ನಾನು ತಲೆ ತಗ್ಗಿಸಿ, ನಮ್ಮಲ್ಲಿ ಹೊರಡುವವರು ‘ಹೋಗ್ತೀನಿ’ ಎನ್ನುವುದಿಲ್ಲ, ‘ಬರ್ತೀನಿ’ ಎನ್ನುತ್ತಾರೆ ಎಂದು ಇಂಗ್ಲಿಷಿನಲ್ಲಿ ತಿಳಿಸಿ ಕ್ಷಮೆ ಕೇಳಿದೆ. ಅವರು ಗಂಭೀರವಾಗಿ, ಹಾಗಾದರೆ ನಿಜವಾಗಿ ಬರುವವರು ಏನನ್ನುತ್ತಾರೆ ಎಂದು ಕೇಳಿದರು. ಅವರೂ ‘ಬರ್ತೀನಿ’ ಅಂತಲೇ ಅನ್ನುತ್ತಾರೆ ಎಂದೆ. ಮತ್ತೆ ವ್ಯತ್ಯಾಸ ಗೊತ್ತಾಗುವುದು ಹೇಗೆ ಎಂದರು. ಕಾದು ನೋಡುತ್ತೇವೆ ಎಂದೆ. ಹೊಟ್ಟೆ ಹಿಡಿದುಕೊಂಡು ನಕ್ಕರು. ತಿರುಗಾಟ ಮೂರು ದಿನದಿಂದ ಐದು ದಿನಕ್ಕೆ ಬೆಳೆಯಿತು.

ಹೊರಡುವ ದಿನ ರೈಲು ಹತ್ತಿಸಲು ಸ್ಟೇಷನ್ನಿಗೆ ಹೋಗಿದ್ದೆ. ಮುದುಕರು ಬಾಗಿಲಲ್ಲಿ ನಿಂತು, ಕೈ ಮುಗಿದು, ಸ್ಪಷ್ಟ ಕನ್ನಡದಲ್ಲಿ “ಬರ್ತೀನ್ರಿ” ಎಂದರು. ನನ್ನ ಕಣ್ಣು ತುಂಬಿತು.

ಹಿಂದಿನಿಂದ ಅವರ ಹೆಂಡತಿ ಕತ್ತು ಚಾಚಿ, ನಾನೆಲ್ಲಿ ಪ್ಲಾಟ್‌ಫಾರ್ಮಿನಲ್ಲೇ ಕೂತುಬಿಡುತ್ತೇನೋ ಎಂಬಂತೆ ಅವಸರದಲ್ಲಿ ಹೇಳಿದರು: “ನಿಷ್ಟ್ ಜೋಫೋರ್ಟ್.” ಈಗಿಂದೀಗಲೇ ಅಲ್ಲ.