ಹನ್ನೊಂದನೇ ಮನೆಯ ಓಡಾಟ

ಎಲ್ಲ ಶುರುವಾದದ್ದು ಮೂರು ಕೆಮ್ಮಿನಿಂದ. ನಾಲ್ಕನೆಯದನ್ನು ನಕ್ಷೆಗಾರ ಹೇಗೋ ನುಂಗಿಕೊಂಡ. ಆದರೆ ಅಷ್ಟರಲ್ಲಿ ಹೆಂಡತಿ ಸಹಾಯವಾಣಿಗೆ ಫೋನ್ ಮಾಡಿಯಾಗಿತ್ತು. ಯಾರೋ ಬಂದು ಮೂಗಿನೊಳಗೆ ಕಡ್ಡಿ ತಿರುಗಿಸಿ ಹೋದರು. ಎರಡು ದಿನ ಕಳೆದು ಬೆಳಿಗ್ಗೆ ಒಂಬತ್ತಕ್ಕೆ ಫೋನಿಗೆ ಸಂದೇಶ ಬಂತು: ಪಾಸಿಟಿವ್.

ಅವನ ಕೈಕಾಲು ತಣ್ಣಗಾದದ್ದು ರೋಗಕ್ಕಲ್ಲ, ಕೆಳಗಿನ ಗೋಡೆಗೆ. ಕಚೇರಿಯಲ್ಲಿ ಚರಂಡಿ, ರಸ್ತೆಗಳ ನಕ್ಷೆ ಬರೆಯುವ ಮನುಷ್ಯ. ಲಾಕ್‌ಡೌನಿನಲ್ಲಿ ಮನೆ ಹಿಡಿದು ಕೂತಾಗ ಕೈ ಸುಮ್ಮನಿರಲಿಲ್ಲ. ಹನ್ನೆರಡು ಮನೆಗಳ ಕಟ್ಟಡವನ್ನೂ ಸುತ್ತಲ ಬೀದಿಗಳನ್ನೂ ಅಳತೆ ತಪ್ಪದೆ ಬರೆದು ಮೆಟ್ಟಿಲ ಬುಡದ ಗೋಡೆಗೆ ಅಂಟಿಸಿದ್ದ. ಯಾರಾದರೂ ಗೇಟು ದಾಟಿದರೆ ಅವರ ಮನೆಯಿಂದ ಅವರು ಹೋದ ಜಾಗದವರೆಗೆ ಗುಂಡುಸೂಜಿ ಚುಚ್ಚಿ ಕೆಂಪು ನೂಲು ಎಳೆಯುತ್ತಿದ್ದ. ಭಾನುವಾರ ನೂಲು ಅಳೆದು, ಯಾರದು ಎಷ್ಟುದ್ದ ಎಂದು ಎಲ್ಲರಿಗೂ ಕಾಣುವಂತೆ ಬರೆಯುತ್ತಿದ್ದ. ಮೇಲೆ ದಪ್ಪಕ್ಷರದಲ್ಲಿ, “ಸೋಂಕಿಗೆ ಕಾಲಿಲ್ಲ, ನಮ್ಮ ಕಾಲೇ ಅದರ ಕಾಲು.”

ಪ್ರತಿ ವಾರವೂ ಒಂದನೇ ಮನೆಯ ನರ್ಸೇ ಮೊದಲು. ಆಸ್ಪತ್ರೆಯ ಕಡೆ ಹೋಗುವ ಅವಳ ನೂಲುಗಳು ಜಡೆಯಷ್ಟು ದಪ್ಪವಾಗಿದ್ದವು. ಹನ್ನೊಂದನೇ ಮನೆ, ಅಂದರೆ ನಕ್ಷೆಗಾರನ ಮನೆ, ಎರಡು ತಿಂಗಳಿಂದ ಒಂದೆಳೆಯೂ ಇಲ್ಲದೆ ತೊಳೆದಿಟ್ಟ ತಟ್ಟೆಯಂತಿತ್ತು.

ಹತ್ತಕ್ಕೆ ಆರೋಗ್ಯ ಕಾರ್ಯಕರ್ತೆ ಬಂದಳು. ಬಿಳಿ ಉಡುಪಿನೊಳಗೆ ಉಬ್ಬಿದ ದಿಂಬಿನಂತಿದ್ದಳು. ಮೇಲೆ ಹತ್ತದೆ ಅಂಗಳದಲ್ಲೇ ನಿಂತು ಫಾರಂ ತೆಗೆದಳು. ಮೂರೂ ಮಹಡಿಯ ಕಟಕಟೆಗಳಲ್ಲಿ ಅಕ್ಕಪಕ್ಕದವರು ಒಣಹಾಕಿದ ಬಟ್ಟೆಗಳಂತೆ ಸಾಲಾಗಿ ಜೋತುಬಿದ್ದರು.

“ಸರ್, ಹದಿನಾಲ್ಕು ದಿನದಲ್ಲಿ ಎಲ್ಲೆಲ್ಲಿ ಓಡಾಡಿದ್ರಿ?”

“ಎಲ್ಲೂ ಇಲ್ಲಮ್ಮ,” ಎಂದ ನಕ್ಷೆಗಾರ ಮೇಲಿನ ಕಟಕಟೆಯಿಂದ.

“ಕೇಳಿಸ್ತಿಲ್ಲ ಸರ್, ಮಾಸ್ಕು!”

“ಎಲ್ಲೂ ಇಲ್ಲ!”

“ಹಾಂ?”

“ಎಲ್ಲೂ ಹೋಗಿಲ್ಲಾ!”

ಸುಳ್ಳನ್ನು ಒಂದು ಸಲ ಮೆಲ್ಲಗೆ ಹೇಳಿ ಮುಗಿಸುವುದು ಬೇರೆ, ಮೂರು ಸಲ ಬೀದಿಗೆಲ್ಲ ಕೇಳುವ ಹಾಗೆ ಕೂಗುವುದು ಬೇರೆ. ನಕ್ಷೆಗಾರನ ಕಿವಿ ಬಿಸಿಯಾಯಿತು. ಆ ಹದಿನಾಲ್ಕು ದಿನದಲ್ಲಿ ಅವನು ಹಿತ್ತಲ ಗೋಡೆ ಹಾರಿ, ಚರಂಡಿ ಪಕ್ಕದ ಓಣಿಯಲ್ಲಿ ನುಸುಳಿ, ಕಟಿಂಗ್ ಶಾಪಿನವನ ಮನೆಗೆ ಎರಡು ಸಲ ಹೋಗಿದ್ದ. ಬರೀ ಕೂದಲು ಕತ್ತರಿಸಲು ಆಗಿದ್ದರೆ ಹೇಳಿಬಿಡಬಹುದಿತ್ತು. ಅವನು ಹೋದದ್ದು ಕಪ್ಪು ಬಣ್ಣ ಹಚ್ಚಿಸಿಕೊಳ್ಳಲು. ಹದಿನೆಂಟು ವರ್ಷದ ಸಂಸಾರದಲ್ಲಿ ಹೆಂಡತಿಗೂ ಗೊತ್ತಿಲ್ಲದ ಗುಟ್ಟು ಅದು.

“ಬರ್ಕೊಳ್ಳಮ್ಮ!” ಎಂದು ನಾಲ್ಕನೇ ಮನೆಯ ವಕೀಲ ಬಾಯಿ ಹಾಕಿದ. “ಸರ್ ಹೋಗಿಲ್ಲ ಅಂದ್ರೆ ಹೋಗಿಲ್ಲ. ನಕ್ಷೆನೇ ಸಾಕ್ಷಿ. ಹೋಗದೇ ಇರೋರಿಗೆ ಬಂದಿದೆ ಅಂದ್ರೆ, ದಿನಾ ಹೋಗೋರು ಯಾರೋ ತಂದು ಕೊಟ್ಟಿದಾರೆ ಅಂತ ಅರ್ಥ.”

“ಒಂದ್ನಿಮಿಷ, ನನ್ನ ಹತ್ರ ಇನ್ನೊಂದು ಪಟ್ಟಿ...” ಎಂದು ಕಾರ್ಯಕರ್ತೆ ಕೈ ಎತ್ತಿದಳು. ಯಾರೂ ಕೇಳಿಸಿಕೊಳ್ಳಲಿಲ್ಲ. ಎಲ್ಲರ ಕಣ್ಣೂ ಒಂದನೇ ಮನೆಯ ಬಾಗಿಲ ಮೇಲಿತ್ತು.

“ನಾನು ಆವತ್ತೇ ಬಡ್ಕೊಂಡೆ,” ಎಂದಳು ಹನ್ನೆರಡನೇ ಮನೆಯಲ್ಲಿದ್ದ ಓನರಮ್ಮ. “ಸಂಜೆ ಒಳಗೆ ಮನೆ ಖಾಲಿ ಮಾಡ್ಲಿ.”

ಅಷ್ಟರಲ್ಲಿ ಡ್ಯೂಟಿ ಮುಗಿಸಿದ ನರ್ಸ್ ಗೇಟಿನಲ್ಲಿ ನಿಂತಿದ್ದಳು. ಕೆನ್ನೆಯ ಮೇಲೆ ಮಾಸ್ಕಿನ ಅಂಚು ಕೊರೆದ ಗೆರೆ. ಕೊನೆಯ ಮಾತು ಅವಳಿಗೆ ಪೂರ್ತಿ ಕೇಳಿಸಿತ್ತು.

“ಅಮ್ಮ, ನಮಗೆ ವಾರವಾರ ಟೆಸ್ಟ್ ಮಾಡ್ತಾರೆ. ಮೊನ್ನೆನೂ ನೆಗೆಟಿವ್.”

“ನಿಮ್ಮ ಆಸ್ಪತ್ರೆ, ನಿಮ್ಮ ಚೀಟಿ,” ಎಂದ ವಕೀಲ.

ಅವಳು ಯಾರಿಗೋ ಫೋನ್ ಹಚ್ಚುತ್ತ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಪೆಟ್ಟಿಗೆ ಎಳೆಯುವ ಸದ್ದು ಕೇಳಿಸಿತು.

ನಕ್ಷೆಗಾರನಿಗೆ ಆ ಸದ್ದು ತನ್ನ ಎದೆಯ ಮೇಲೇ ಹಾದಂತಾಯಿತು. “ಪೇಪರ್‌ನಿಂದ ಬಂದಿರಬೌದು,” ಎಂದ.

“ಪೇಪರ್ ನಿಲ್ಸಿ ಎರಡು ತಿಂಗಳಾಯ್ತು ಸರ್,” ಎಂದರು ಪಕ್ಕದ ಕಟಕಟೆಯಿಂದ ಯಾರೋ.

“ಪಾರಿವಾಳ ಏನಾದ್ರೂ...”

“ಪಾರಿವಾಳಕ್ಕೆ ಮಾಸ್ಕ್ ಹಾಕ್ಸೋಣ್ವಾ?” ಎಂದ ವಕೀಲ. ಮೂರು ಮಹಡಿಯೂ ನಕ್ಕಿತು.

ಪೆಟ್ಟಿಗೆ ಬಾಗಿಲು ದಾಟಿ ಅಂಗಳಕ್ಕೆ ಬಂತು. ನಕ್ಷೆಗಾರ ಕಟಕಟೆ ಹಿಡಿದ. “ಅವಳಲ್ಲ! ನಾನು! ನಾನೇ ಹೋಗಿದ್ದೆ. ಕಟಿಂಗ್ ಶಾಪಿನವನ ಮನೆಗೆ. ಎರಡು ಸಲ. ಕೂದಲಿಗೆ ಬಣ್ಣ ಹಚ್ಚಿಸ್ಕೊಳ್ಳೋಕೆ!”

ಈ ಸಲ ಕಾರ್ಯಕರ್ತೆಗೆ ಒಂದೇ ಕೂಗಿಗೆ ಕೇಳಿಸಿತು.

“ಅಯ್ಯೋ ಸರ್, ಒಂದ್ನಿಮಿಷ ತಡ್ಕೋಬಾರ್ದಿತ್ತಾ?” ಎಂದಳು. “ಆ ಕಟಿಂಗ್‌ನೋನಿಗೆ ನಿನ್ನೆನೇ ಪಾಸಿಟಿವ್. ಮನೆಗೆ ಬಂದೋರ ಪಟ್ಟಿ ಕೊಟ್ಟಿದಾನೆ. ಅದನ್ನ ಓದೋಕೆ ಆಗ್ಲಿಂದ ಕೈ ಎತ್ಕೊಂಡು ನಿಂತಿದೀನಿ. ಈ ಬಿಲ್ಡಿಂಗಲ್ಲಿ ಎರಡು, ನಾಲ್ಕು, ಐದು, ಏಳು, ಒಂಬತ್ತು, ಹನ್ನೆರಡು.”

ಕಟಕಟೆಗಳಿಂದ ತಲೆಗಳು ಒಂದೊಂದಾಗಿ ಹಿಂದೆ ಸರಿದವು. ನಾಲ್ಕನೇ ಮನೆಯ ವಕೀಲ, “ನನಗೆ ನಮ್ಮವಳೇ ಕತ್ತರಿಸಿದ್ದು,” ಎಂದು ಶುರುಮಾಡಿ ನಿಲ್ಲಿಸಿದ. “ನಮ್ಮವ್ರು ಗಡ್ಡಕ್ಕೆ ಮಾತ್ರ ಹೋಗಿದ್ದು,” ಎಂದಳು ಓನರಮ್ಮ.

“ಹನ್ನೊಂದು?” ಎಂದು ಕೇಳಿದ ನಕ್ಷೆಗಾರ.

“ಹನ್ನೊಂದು ಇಲ್ಲ ಸರ್. ಇನ್ನೂ ಒಬ್ರು ಬಂದಿದ್ರು, ಅವ್ರಿಗೆ ಮಾತು ಕೊಟ್ಟಿದೀನಿ, ಪ್ರಾಣ ಹೋದ್ರೂ ಹೇಳಲ್ಲ ಅಂದ.”

ಒಂದು ನಿಮಿಷ ಬಾಯಿ ಮುಚ್ಚಿಕೊಂಡಿದ್ದರೆ ನರ್ಸಿನ ಮಾನವೂ ಉಳಿಯುತ್ತಿತ್ತು, ತನ್ನ ಗುಟ್ಟೂ ಉಳಿಯುತ್ತಿತ್ತು. ಬಾಯಿ ಬಿಡಬೇಕಾಗಿದ್ದಾಗ ಬಿಡದೆ, ಬೇಡವಾದಾಗ ಬಿಟ್ಟಿದ್ದ.

ಹಿಂದಿನಿಂದ ಹೆಂಡತಿಯ ದನಿ ಬಂತು. “ನಮ್ಮ ವಂಶದಲ್ಲೇ ಯಾರಿಗೂ ನರೆ ಬರಲ್ಲ ಅಂತಿದ್ರಲ್ಲಾ?”

ಅದಕ್ಕೇ ಕಾದಿದ್ದವರಂತೆ ಆರು ಮನೆಯವರೂ ಗೊಳ್ಳೆಂದು ನಕ್ಕರು. ತಮ್ಮ ತಮ್ಮ ನಾಚಿಕೆಯನ್ನು ಅವನ ಬಣ್ಣದ ಕೂದಲಡಿಯಲ್ಲಿ ಬಚ್ಚಿಟ್ಟುಕೊಂಡರು.

ಕಾರ್ಯಕರ್ತೆ ಗೇಟಿಗೆ ಟೇಪು ಕಟ್ಟತೊಡಗಿದಳು. ಹದಿನಾಲ್ಕು ದಿನ ಇಡೀ ಕಟ್ಟಡ ಸೀಲ್. “ಡ್ಯೂಟಿ ಪಾಸ್ ಇರೋರು ಮಾತ್ರ ಓಡಾಡಬೌದು. ಹಾಲು, ಔಷಧಿ ಅವ್ರ ಕೈಲೇ ತರಿಸ್ಕೊಳ್ಳಿ. ಯಾರ ಹತ್ರ ಇದೆ ಪಾಸು?”

“ಸಿಸ್ಟರ್,” ಎಂದಳು ಓನರಮ್ಮ, ಬೆಣ್ಣೆಯಂಥ ದನಿಯಲ್ಲಿ. “ನೀವಿರಿ, ಪರವಾಗಿಲ್ಲ.”

“ಆಸ್ಪತ್ರೆ ಹಾಸ್ಟೆಲ್‌ನಲ್ಲಿ ರೂಮ್ ಕೊಟ್ರಮ್ಮ.” ನರ್ಸ್ ತಲೆಯೆತ್ತಿ ನಕ್ಷೆಗಾರನನ್ನು ನೋಡಿದಳು. ಅವನು ಏನೋ ಹೇಳಹೋದ, ಕೆಮ್ಮು ಬಂತು. “ಉಸಿರಾಟಕ್ಕೆ ಕಷ್ಟ ಇದೆಯಾ ಸರ್?” ಎಂದು ಕೇಳಿದಳು. ಅವನು ಇಲ್ಲವೆಂದು ತಲೆಯಾಡಿಸಿದ. ಅವಳು ಪೆಟ್ಟಿಗೆ ಎತ್ತಿಕೊಂಡು ಹೋದಳು.

ಮಧ್ಯಾಹ್ನ ಕಟ್ಟಡದವರ ವಾಟ್ಸಾಪ್ ಗುಂಪಿಗೆ ಅವಳ ಸಂದೇಶ ಬಂತು: “ಸಂಜೆ ಆರಕ್ಕೆ ಬರ್ತೀನಿ. ಯಾರಿಗೆ ಏನು ಬೇಕೋ ಪಟ್ಟಿ ಮಾಡಿಡಿ. ಗೇಟಿನ ಒಳಗೆ ಬರಲ್ಲ.”

ಪಟ್ಟಿ ಬರೆಯುವ ಕೆಲಸ ಯಾರೂ ಹೇಳದೆಯೇ ನಕ್ಷೆಗಾರನ ತಲೆಗೆ ಬಿತ್ತು. “ನಂದು ಎರಡು ಪ್ಯಾಕೆಟ್ ಹಾಲು ಸರ್, ಮರೀಬೇಡಿ,” ಎಂದು ಮೊದಲು ಫೋನ್ ಮಾಡಿದವನು ವಕೀಲ. ಒಂದೊಂದೇ ಮನೆಯದು ತುಂಬಿತು. ಹನ್ನೊಂದರ ಎದುರು ಪೆನ್ನು ನಿಂತಿತು.

“ಉಪ್ಪು ಬರೀರಿ, ಮುಗಿದಿದೆ,” ಎಂದಳು ಹೆಂಡತಿ ಅಡುಗೆಮನೆಯ ಬಾಗಿಲಿಂದ.

“ಬೇಡ ಬಿಡೇ. ಹೇಗೂ ನನಗೆ ರುಚಿನೇ ಗೊತ್ತಾಗ್ತಿಲ್ಲ.”

“ನನಗೆ ಗೊತ್ತಾಗತ್ತಲ್ಲ!”

ಅವನು ಉಪ್ಪು ಎಂದು ಬರೆದ, ಆದಷ್ಟು ಸಣ್ಣ ಅಕ್ಷರದಲ್ಲಿ.