ಅಡುಗೆ ಕಪಾಟಿನಲ್ಲಿ ಒಬ್ಬ ಚಿಂತಕ

ವಾಚನಾಲಯಕ್ಕೆ ಹೊಸ ಕಪಾಟು ಬಂದದ್ದೇ ತಪ್ಪಾಯಿತು. ಗ್ರಂಥಪಾಲಕಿ ಅದರ ನೆತ್ತಿಗೆ ‘ಮಾರ್ಕ್ಸ್‌ವಾದಿ ಚಿಂತಕರು’ ಎಂಬ ಚೀಟಿ ಅಂಟಿಸಿ, ಊರಿನ ಇಬ್ಬರು ಲೇಖಕರ ಪುಸ್ತಕಗಳನ್ನು ಅಕ್ಕಪಕ್ಕ ನಿಲ್ಲಿಸಿದಳು. ಒಂದು ನಿವೃತ್ತ ಮೇಷ್ಟ್ರದು, ಇನ್ನೊಂದು ವಕೀಲರದು. ಗೋಂದು ಆರುವ ಮೊದಲೇ ಮೇಷ್ಟ್ರು ಬಂದರು.

“ಏನಮ್ಮ ಇದು? ಆ ವಕೀಲ ಯಾವಾಗ ಮಾರ್ಕ್ಸ್‌ವಾದಿ ಆದ? ಮೂಲಗ್ರಂಥದ ಮುನ್ನುಡಿ ದಾಟಿಲ್ಲ ಅವನು!”

“ಸರ್, ಹಿಂದಿನ ರಟ್ಟಿನ ಮೇಲೆ ಹಾಗೇ ಇದೆಯಲ್ಲ...”

“ರಟ್ಟಿನ ಮೇಲೆ ಏನು ಬೇಕಾದ್ರೂ ಬರ್ಕೋಬಹುದು. ತೆಗೀರಿ.”

ಆಕೆ ತೆಗೆದು ಕಾನೂನು ವಿಭಾಗದಲ್ಲಿಟ್ಟಳು. ಹನ್ನೊಂದಕ್ಕೆ ಬಂದ ವಕೀಲರು, ಬಾಡಿಗೆ ನಿಯಮಗಳ ನಡುವೆ ಸಿಕ್ಕಿಕೊಂಡಿದ್ದ ತಮ್ಮ ಪುಸ್ತಕ ಕಂಡು, ಇದು ಮೇಷ್ಟ್ರ ಕೆಲಸವೆಂದು ತಿಳಿದು ಉಕ್ಕಿದ ಹಾಲಿನಂತಾದರು.

“ನಾನು ನಕಲಿ, ಅವರು ಅಸಲಿಯೋ? ಕಾರ್ಮಿಕ ಅಂದ್ರೆ ಮೇಷ್ಟ್ರಿಗೆ ಗೊತ್ತಿರೋದು ನಲ್ಲಿ ರಿಪೇರಿಯವನೊಬ್ಬನೇ. ಅವನನ್ನೂ ಬಾಗಿಲಲ್ಲೇ ನಿಲ್ಲಿಸಿ ಮಾತಾಡ್ಸ್ತಾರೆ!”

ಹೀಗೆಂದವರೇ ಮೇಷ್ಟ್ರ ‘ಒಲೆ ಯಾರದು, ಊಟ ಯಾರದು?’ ಪುಸ್ತಕವನ್ನು ಕಿತ್ತು ಅಡುಗೆ ಪುಸ್ತಕಗಳ ಕಪಾಟಿಗೆ ತುರುಕಿದರು. ಹೊಸ ಕಪಾಟಿನಲ್ಲಿ ಈಗ ಚೀಟಿ ಮಾತ್ರ ಉಳಿಯಿತು.

ಮಧ್ಯಾಹ್ನ ಇಬ್ಬರೂ ಮುಖಾಮುಖಿಯಾದರು. ಕೂಗಾಟಕ್ಕೆ ಪತ್ರಿಕೆ ಓದುತ್ತಿದ್ದವರೆಲ್ಲ ಜಾಗ ಖಾಲಿ ಮಾಡಿದರು. “ನನ್ನ ಪುಸ್ತಕ ಎಲ್ಲಿ?” ಎಂದು ಮೇಷ್ಟ್ರು ಗುಡುಗಿದಾಗ ಗ್ರಂಥಪಾಲಕಿ ಅಡುಗೆ ಕಪಾಟಿಗೆ ಓಡಿದಳು. ಅಲ್ಲಿ ಬರೀ ಸಂದು.

“ಸರ್... ಯಾರೋ ತಗೊಂಡಿದ್ದಾರೆ.”

ಇಬ್ಬರೂ ಜಗಳ ಮರೆತು ಸುತ್ತ ಕಣ್ಣಾಡಿಸಿದರು. ಇಷ್ಟು ವರ್ಷಗಳಲ್ಲಿ ಇಬ್ಬರ ಪುಸ್ತಕವನ್ನೂ ಯಾರೂ ತೆಗೆದುಕೊಂಡದ್ದೇ ಇಲ್ಲ.

ಕಿಟಕಿಯ ಪಕ್ಕ ಕಾರ್ಖಾನೆ ಕ್ಯಾಂಟೀನಿನ ಅಡುಗೆಯಾಕೆ ಪುಸ್ತಕದಲ್ಲಿ ಮುಳುಗಿದ್ದಳು. ತಲೆಯೆತ್ತಿ ಕೇಳಿದಳು: “ಇದನ್ನ ಬರೆದೋರು ಯಾರು?”

ಮೇಷ್ಟ್ರು ತರಗತಿಯ ಹುಡುಗನಂತೆ ಕೈಯೆತ್ತಿದರು.

“ನಮ್ಮ ಅಡುಗೆಮನೆ ನೋಡಿ ಬರೆದ ಹಾಗಿದೆ ಸರ್. ಮುನ್ನೂರು ಜನಕ್ಕೆ ಬಡಿಸ್ತೀವಿ, ನಾವು ಕೂರೋ ಹೊತ್ತಿಗೆ ಪಾತ್ರೆ ತಳ ಕಾಣ್ತಿರುತ್ತೆ. ಆದ್ರೆ ಕೆಲಸದ ಹೊತ್ತಿನ ವಿಷಯ ಏನೂ ಇಲ್ವಲ್ಲ?”

“ಅದು ನನ್ನ ಪುಸ್ತಕದಲ್ಲಿದೆಯಮ್ಮ!” ವಕೀಲರು ಓಡಿಹೋಗಿ ತಂದುಕೊಟ್ಟರು.

“ಎರಡೂ ಓದ್ತೀನಿ. ಜೊತೆಯವರಿಗೂ ಆಸೆ ಇದೆ. ಇವತ್ತು ನಂಗೆ ರಜೆ ಅಂತ ಬಂದೆ. ನಾವು ಕೆಲಸ ಬಿಡೋದು ಆರಕ್ಕೆ, ನೀವು ಐದಕ್ಕೇ ಬಾಗಿಲು ಹಾಕ್ತೀರಿ.”

ಮೇಷ್ಟ್ರು ಹೇಳಿದರು, ವಕೀಲರು ಬರೆದರು. ವಾಚನಾಲಯ ಒಂಬತ್ತರವರೆಗೆ ತೆರೆದಿರಬೇಕೆಂಬ ಅರ್ಜಿಯ ಒಂದು ಅಕ್ಷರಕ್ಕೂ ತಕರಾರು ಏಳಲಿಲ್ಲ. ಮೇಷ್ಟ್ರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ವಕೀಲರು ಮೇಲಧಿಕಾರಿಯ ಬಳಿ ಹೊರಟಾಗ, ಗ್ರಂಥಪಾಲಕಿಗೆ ಕಣ್ಣು ತುಂಬಿ ಬಂತು.

ಐದಕ್ಕೆ ಐದು ನಿಮಿಷವಿದ್ದಾಗ ಇಬ್ಬರೂ ಆದೇಶ ಹಿಡಿದು ಬಂದರು. ಇವತ್ತಿನಿಂದಲೇ ರಾತ್ರಿ ಒಂಬತ್ತರವರೆಗೆ. ಸಿಬ್ಬಂದಿ ಅದೇ ಒಬ್ಬಳು.

“ಸರ್, ಬೆಳಿಗ್ಗೆ ಒಂಬತ್ತಕ್ಕೆ ಬಂದಿದ್ದೀನಿ. ನನ್ನ ಕೆಲಸದ ಹೊತ್ತು?”

ಇಬ್ಬರೂ ಮುಖ ಮುಖ ನೋಡಿಕೊಂಡರು. ಆಮೇಲೆ ಒಂದೇ ದನಿಯಲ್ಲಿ ಹೇಳಿದರು: “ಅದು ಬೇರೆ ಪ್ರಶ್ನೆಯಮ್ಮ.”

ಅಡುಗೆಯಾಕೆ ವಕೀಲರ ಪುಸ್ತಕ ಮಡಚಿ, ಸ್ಟೂಲನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು.

“ಒಂದು ಕಾಗದ ಕೊಡಿ ಮೇಡಂ. ಇನ್ನೊಂದು ಅರ್ಜಿ ಬರೀಬೇಕು. ಸರ್, ನೀವಿಬ್ರೂ ಕೂತ್ಕೊಳ್ಳಿ, ಎದ್ದು ಹೋಗ್ಬೇಡಿ.”

ಅರ್ಜಿ ಮುಗಿಯುವಷ್ಟರಲ್ಲಿ ಆರೂ ಹತ್ತಾಗಿತ್ತು. ಅಡುಗೆಯಾಕೆ ಫೋನ್ ಮಾಡಿ ಕರೆದಿದ್ದ ಕ್ಯಾಂಟೀನಿನ ಐವರು ಬಾಗಿಲಲ್ಲಿ ಒದ್ದೆ ಕೈ ಒರೆಸಿಕೊಳ್ಳುತ್ತ ನಿಂತಿದ್ದರು. ಗ್ರಂಥಪಾಲಕಿ ಎದ್ದು ದೀಪ ಹಾಕಿದಳು.